ಕುಣಿಗೆ ಬಂದ ನೀರು

ರಬಕವಿಯಲ್ಲಿ ನಾನು ಹೆಡ್‌ಮಾಸ್ತರನಾಗಿರುವ ಶಾಲೆಯ ಹಿಂದಿನ ಓಣಿಗೆ ಕೃಷ್ಣೆಯ ಮಹಾಪೂರದ ಸುದ್ದಿ ಮೊದಲು ಮುಟ್ಟುತ್ತಿದ್ದದ್ದು ಟಿ.ವಿ.ಯಿಂದಲ್ಲ, ಒಬ್ಬ ಹೆಂಗಸಿನ ಹಿಮ್ಮಡಿಯಿಂದ. ಆಕೆ ಕುಣಿಮಗ್ಗದ ನೇಕಾರಳು. ನೆಲದಲ್ಲಿ ತೊಡೆಯುದ್ದ ತಗ್ಗು ತೋಡಿ, ಅದರ ದಂಡೆಯ ಮೇಲೆ ಕುಳಿತು, ಕಾಲು ಒಳಗೆ ಇಳಿಬಿಟ್ಟು ತುಳಿಯುವ ಮಗ್ಗ ಅದು. ಆ ತಗ್ಗಿಗೆ ಕುಣಿ ಎನ್ನುತ್ತಾರೆ. ಹೊಳೆ ಏರತೊಡಗಿದರೆ ನೀರು ಬೀದಿಗೆ ಬರುವ ಒಂದು ದಿನ ಮೊದಲೇ ನೆಲದೊಳಗಿಂದ ಜಿನುಗಿ ಕುಣಿಯ ತಳಕ್ಕೆ ಬರುತ್ತಿತ್ತು. ತುಳಿಯುವ ಕಾಲು ತಣ್ಣಗಾದ ಕೂಡಲೇ ಆಕೆ ಲಾಳಿ ಬದಿಗಿಟ್ಟು ಹೊರಗೆ ಬಂದು, ಜ್ವಾಳದ ಚೀಲ ಮೇಲೆ ಏರಿಸಿರಿ ಎಂದು ಎದುರುಮನೆಯವರಿಗೆ ಹೇಳುತ್ತಿದ್ದಳು.

ಆಕೆಯ ಹೆಸರು ಬರೆಯುವುದಿಲ್ಲ. ಸರ್ವೆಯವರು ಎಷ್ಟು ಸಲ ಹೆಸರು ಬರೆದುಕೊಂಡು ಹೋಗಿದ್ದಾರೋ ಲೆಕ್ಕವಿಲ್ಲ, ಬರೆದುಕೊಂಡು ಹೋದವರು ಒಬ್ಬರೂ ತಿರುಗಿ ಬರಲಿಲ್ಲ ಎಂದು ಆಕೆಯೇ ನಗುತ್ತಿದ್ದಳು. ಇನ್ನೊಂದು ಕಾಗದದಲ್ಲಿ ಆ ಹೆಸರು ಕೂಡ್ರುವುದು ಬೇಡ. ನನಗಿಂತ ಹತ್ತು ವರ್ಷ ದೊಡ್ಡವಳು, ಎದುರಿಗೆ ನಾನು ಅಕ್ಕಾರ ಎಂದೇ ಕರೆಯುತ್ತಿದ್ದೆ. ಇಲ್ಲಿ ಮಾತ್ರ ಆಕೆ, ಅವಳು ಎಂದೇ ಬರೆಯುತ್ತೇನೆ. ಕಾಗದದಲ್ಲಿ ಆಕೆಗೆ ಬಹುವಚನ ಹಚ್ಚಿ ನಾನು ಒಮ್ಮೆ ದೊಡ್ಡ ತಪ್ಪು ಮಾಡಿದ್ದೇನೆ. ಅದು ಮುಂದೆ ಬರುತ್ತದೆ.

ಗಿಡ್ಡ ಆಳು. ಬಲಗಾಲಿನ ಹೆಬ್ಬೆರಳು ತುಳಿದು ತುಳಿದು ಚಪ್ಪಟೆಯಾಗಿತ್ತು. ಆ ಓಣಿಯಲ್ಲಿ ಮನೆಮನೆಗೂ ಪಾವರ್‌ಲೂಮ್ ಇರುವುದರಿಂದ ಬೆಳಗಿನಿಂದ ಖಟಖಟ ಸಪ್ಪಳ ನಡೆದೇ ಇರುತ್ತದೆ, ಅಲ್ಲಿಯ ಜನ ಗುಟ್ಟನ್ನೂ ಕೂಗಿಯೇ ಹೇಳುತ್ತಾರೆ. ಇವಳೊಬ್ಬಳು ಮಾತ್ರ ಎಂದೂ ದನಿ ಏರಿಸಿದವಳಲ್ಲ. ಆಕೆ ಬಾಗಿಲಲ್ಲಿ ನಿಂತು ಏನೋ ಹೇಳತೊಡಗಿದರೆ ಆ ಮನೆಯವರೇ ಮಗ್ಗದ ಸ್ವಿಚ್ ಆರಿಸಿ ಕೇಳಬೇಕಾಗುತ್ತಿತ್ತು. ಸ್ವಂತ ಮಗನೇ ಮುಂದಿನ ಖೋಲಿಯಲ್ಲಿ ಪಾವರ್‌ಲೂಮ್ ಹಾಕಿಕೊಂಡಿದ್ದ. ಹಿಂದಿನ ಖೋಲಿಯ ಕುಣಿಯನ್ನು ಆಕೆ ಬಿಡಲಿಲ್ಲ. ಕರೆಂಟ್ ಹೋದಾಗ ಇಡೀ ಓಣಿಗೆ ನಾನೊಬ್ಬಳೇ ದುಡಿಯುವಾಕೆ ಎಂದು ಮಗನನ್ನು ಕಾಡಿಸುತ್ತಿದ್ದಳು.

ನಮ್ಮ ಶಾಲೆಯ ಅಭಿವೃದ್ಧಿ ಸಮಿತಿಗೆ ಆಕೆ ಸದಸ್ಯೆಯಾಗಿ ಬಂದದ್ದು ಯಾರಿಗೂ ಬೇಡವಾದ ಜಾಗ ಖಾಲಿ ಇತ್ತೆಂಬ ಕಾರಣಕ್ಕೆ. ಅಲ್ಲಿಯವರೆಗೆ ನಮ್ಮ ಸಭೆಗಳು ಒಂದು ಕಪ್ ಚಹಾ ಆರುವುದರೊಳಗೆ ಮುಗಿಯುತ್ತಿದ್ದವು. ನಾನು ಓದುವುದು, ಅವರು ಸಹಿ ಮಾಡುವುದು. ಆಕೆ ಬಂದ ಮೊದಲ ದಿನ ನಾನು ಗೋಡೆಗೆ ಯಾವ ಬಣ್ಣ ಎಂಬ ಸುತ್ತೋಲೆ ಓದಿದೆ. ಎಲ್ಲರೂ ಪೆನ್ನು ತೆಗೆದರು. ಆಕೆ ತಣ್ಣಗೆ ಕೇಳಿದಳು, "ಇದನ್ನ ಯಾರು ಠರಾಯಿಸಿದ್ರು?"

ನಿರ್ಧಾರ ಮೇಲಿನಿಂದ ಬಂದದ್ದು ಎಂದೆ. ಆಕೆ ಕತ್ತೆತ್ತಿ ಛಾವಣಿ ನೋಡಿ, ಮೇಲೆ ಫ್ಯಾನ್ ಒಂದೇ ಇದೆಯಲ್ಲ ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ಪ್ರಶ್ನೆ ಆಕೆಯ ಬಾಯಲ್ಲಿ ಚಟವೇ ಆಗಿತ್ತು. ಸಂತೆಯಲ್ಲಿ ಬದನೆಕಾಯಿಯ ದರ ಕೇಳಿದರೂ ಅದೇ, ಬಸ್ಸು ತಡವಾದರೂ ಅದೇ. ಠರಾಯಿಸಿದವನ ಮುಖ ನೋಡದೆ ಯಾವ ಠರಾವನ್ನೂ ಆಕೆ ಒಪ್ಪುತ್ತಿರಲಿಲ್ಲ. ನನಗೆ ಆಗ ಅದು ಬರೀ ಹಟವೆಂದು ಕಾಣುತ್ತಿತ್ತು.

ಆಕೆ ಸಮಿತಿಗೆ ಬಂದ ಮೇಲಿನ ಮೊದಲ ಮಹಾಪೂರದ ವರ್ಷ. ನನ್ನ ಮನೆ ಮುಧೋಳದಲ್ಲಿ. ಘಟಪ್ರಭೆ ಏರಿ ಮುಧೋಳದ ಬಸ್ಸು ನಿಂತಿತ್ತು, ಆದ್ದರಿಂದ ಎರಡು ದಿನಗಳಿಂದ ನಾನು ಶಾಲೆಯ ಆಫೀಸಿನಲ್ಲೇ ಇದ್ದೆ. ನಮ್ಮ ಶಾಲೆಯನ್ನು ಗಂಜಿ ಕೇಂದ್ರವೆಂದು ಗುರುತಿಸಿ ಕಾಗದ ಬಂದಿತ್ತು. ಅದರಲ್ಲೇ ಒಂದು ಸಾಲು ಇತ್ತು: ನೀರು ಮನೆಗಳ ಹೊಸ್ತಿಲು ದಾಟಿದ ಬಳಿಕ, ಮೇಲಿನ ಆದೇಶ ಪಡೆದು ಕೇಂದ್ರ ತೆರೆಯತಕ್ಕದ್ದು. ಆ ದಿನ ಬೆಳಿಗ್ಗೆಯೇ ನಮ್ಮ ಭಾಗದ ಧುರೀಣರೊಬ್ಬರು ಟಿ.ವಿ.ಯಲ್ಲಿ ಎಲ್ಲವೂ ಹತೋಟಿಯಲ್ಲಿದೆ, ಜನ ಹೆದರಬೇಕಾಗಿಲ್ಲ ಎಂದಿದ್ದರು. ಅವರು ಹಾಗೆ ಅಂದ ಮೇಲೆ ಕೇಂದ್ರ ತೆರೆದರೆ ಅವರ ಮಾತು ಸುಳ್ಳಾಗುತ್ತದೆ. ಇದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ನೌಕರಿ ಮಾಡುವ ನಮಗೆಲ್ಲ ಗೊತ್ತಿತ್ತು.

ಮಧ್ಯಾಹ್ನ ಮೂರರ ಸುಮಾರಿಗೆ ಆಕೆ ನಾಲ್ಕೈದು ಹೆಂಗಸರೊಂದಿಗೆ ಬಂದಳು. ಕಾಲಿಗೆ ಮೊಳಕಾಲಿನವರೆಗೆ ಕೆಸರು.

"ಮಾಸ್ತರ, ಕುಣಿಗೆ ನೀರು ಬಂದೈತ್ರಿ. ಕೀಲಿ ತಗೀರಿ. ನಮ್ಮ ಅತ್ತಿ ಹಾಸಿಗಿ ಹಿಡದಾಳ, ಆಕಿನ್ನ ಮೊದಲ ತಂದು ಮಲಗಸತೀವಿ."

ಹೊಸ್ತಿಲು ದಾಟಿದೆಯೇ ಎಂದು ಕೇಳಿದೆ. ಇನ್ನೂ ಬೀದಿಗೇ ಬಂದಿಲ್ಲ, ಆದರೆ ನಾಳೆ ಹೊತ್ತು ಏರುವುದರೊಳಗೆ ಬರುತ್ತದೆ ಎಂದಳು. ಫೋನ್ ಮಾಡಿ ಕೇಳುತ್ತೇನೆ ಎಂದು ಒಳಗೆ ಬಂದು ಕಂಟ್ರೋಲ್ ರೂಮಿಗೆ ಹಚ್ಚಿದೆ. ಎತ್ತಿಕೊಂಡವನು ಬೀಳಗಿ ಕಡೆಯ ಕಬ್ಬಿನ ಸೀಮೆಯವನು, ಮಾತಿನಲ್ಲೇ ಗೊತ್ತಾಯಿತು. ಕುಣಿಗೆ ನೀರು ಬಂದೈತಂತ್ರಿ ಎಂದೆ. ಇಲ್ಲಿ ಒಂದು ಮಾತು ಹೇಳಬೇಕು. ನೇಕಾರರ ಓಣಿ ಬಿಟ್ಟರೆ ನಮ್ಮ ಸೀಮೆಯಲ್ಲೆಲ್ಲ ಕುಣಿ ಎಂದರೆ ಹೆಣ ಹೂಳುವ ತಗ್ಗು. ಆತ ಬರೆದುಕೊಳ್ಳುತ್ತ ಗಟ್ಟಿಯಾಗಿ ಓದಿದ, "ರಬಕವಿ, ಸ್ಮಶಾನಕ್ಕೆ ನೀರು." ಆಮೇಲೆ ನಕ್ಕು, ಸತ್ತವರಿಗೆ ಮುಳುಗುವ ಹೆದರಿಕೆ ಇಲ್ಲ ಸರ್, ಬದುಕಿದವರ ಮನೆಗೆ ಬಂದರೆ ಹೇಳಿರಿ ಎಂದ.

ನಾನು ತಿದ್ದಲಿಲ್ಲ.

ಇದನ್ನು ಇಷ್ಟು ವರ್ಷ ಯಾರಿಗೂ ಬರೆದು ಹೇಳಿಲ್ಲ, ಈಗ ಬರೆಯುತ್ತಿದ್ದೇನೆ. ಆ ಗುಮಾಸ್ತ ತಪ್ಪು ತಿಳಿದದ್ದು ನನಗೆ ಅದೇ ಗಳಿಗೆಯಲ್ಲಿ ತಿಳಿದಿತ್ತು. ಇಲ್ಲ, ಮಗ್ಗದ ಕುಣಿ, ಮನೆಯೊಳಗಿನ ಕುಣಿ ಎನ್ನಲು ಎಷ್ಟು ಹೊತ್ತು ಬೇಕಿತ್ತು? ಆದರೆ ಹಾಗೆ ಅಂದರೆ ಆತ ಇನ್ನೊಬ್ಬರನ್ನು ಕೇಳಬೇಕು, ಅವರು ಧುರೀಣರನ್ನು ಕೇಳಬೇಕು, ಕಡೆಗೆ ಎಲ್ಲ ಸುತ್ತಿ ನೀವೇ ನೋಡಿ ಮಾಡಿರಿ ಎಂದು ನನ್ನ ತಲೆಗೇ ಬರುತ್ತದೆ. ಆತನ ತಪ್ಪಿನಿಂದ ನನ್ನ ತಲೆ ಹಗುರಾಯಿತು. ಹೊರಗೆ ಬಂದು, ಆದೇಶ ಬಂದಿಲ್ಲ ಅಕ್ಕಾರ, ಬಂದ ಕೂಡಲೇ ತೆರೆಯುತ್ತೇನೆ ಎಂದೆ. ಆಕೆ ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ಮಾಸ್ತರ ಹೇಳುತ್ತಾರೆಂದರೆ ಖರೇ ಇರಬೇಕು ಎಂದು ಉಳಿದವರಿಗೆ ಹೇಳಿ ತಿರುಗಿ ಕರೆದುಕೊಂಡು ಹೋದಳು.

ಮರುದಿನ ಹೊತ್ತು ಏರುವುದರೊಳಗೆ ನೀರು ಬಂದಿತು, ಆಕೆ ಹೇಳಿದಂತೆಯೇ. ಕೀಲಿ ತೆಗೆಯುವ ಆದೇಶ ಬಂದಾಗ ಮಧ್ಯಾಹ್ನ ಹನ್ನೆರಡು. ಅಷ್ಟರಲ್ಲಿ ಓಣಿಯ ಜನ ಎದೆಮಟ್ಟದ ನೀರಿನಲ್ಲಿ ಬಂದು ಶಾಲೆಯ ಕಟ್ಟೆಯ ಮೇಲೆ ಮಳೆಯಲ್ಲಿ ನಿಂತಿದ್ದರು. ಆಕೆ ಮತ್ತು ಮಗ ಸೇರಿ ಮುದುಕಿ ಅತ್ತೆಯನ್ನು ಸೀರೆಯ ಜೋಳಿಗೆಯಲ್ಲಿ ಹೊತ್ತು ತಂದಿದ್ದರು. ಆ ಸೀರೆ ಮಗ್ಗದ ಮೇಲಿನಿಂದ ಆಗ ತಾನೆ ಕೊಯ್ದದ್ದು, ಇನ್ನೂ ಸೆರಗು ನೆಯ್ದಿರಲಿಲ್ಲ. ಮುದುಕಿ ಪೂರ್ತಿ ತೋಯ್ದಿದ್ದಳು. ನಾನು ಕೀಲಿ ತೆಗೆದೆ, ನಾಲ್ಕನೆಯ ಇಯತ್ತೆಯ ಖೋಲಿಯಲ್ಲಿ ಜಾಗ ಮಾಡಿಕೊಟ್ಟೆ, ಬಿಸಿ ಚಹಾ ತರಿಸಿದೆ. ಎಲ್ಲ ಚಲೋ ಕೆಲಸಗಳನ್ನೂ ಮಾಡಿದೆ, ಒಂದು ದಿನ ತಡವಾಗಿ.

ಆ ಕೇಂದ್ರದಲ್ಲೂ ಆಕೆ ಸುಮ್ಮನಿರಲಿಲ್ಲ. ಗೇಟಿನ ಮೇಲೆ "ಗಂಜಿ ಕೇಂದ್ರ" ಎಂದು ಬೋರ್ಡು ಕಟ್ಟಿದ್ದರು. ನೇಕಾರರು ಗಂಜಿ ಕಾಯಿಸುವುದು ನೂಲಿಗೆ, ಎಳೆ ಬಿಗಿಯಾಗಲೆಂದು. ಬಡಿಸಲು ಬಂದ ಅಧಿಕಾರಿಗೆ ಆಕೆ, ಸಾಹೇಬರೇ, ಗಂಜಿ ಹಚ್ಚಿ ನಮ್ಮನ್ನು ಯಾವ ಮಗ್ಗಕ್ಕೆ ಹಾಕುತ್ತೀರಿ ಎಂದು ಕೇಳಿದಳು. ಆತನಿಗೆ ಅರ್ಥವಾಗಲಿಲ್ಲ. ಓಣಿಯ ಜನ ಮಾತ್ರ ತೋಯ್ದ ಬಟ್ಟೆಯಲ್ಲೇ ಹೊಟ್ಟೆ ಹಿಡಿದು ನಕ್ಕರು. ಮಧ್ಯಾಹ್ನವೇ ಆಕೆ ನಾಲ್ಕು ಹೆಂಗಸರನ್ನು ಕೂಡಿಸಿ ರೊಟ್ಟಿ ಬಡಿಯಲು ಕುಳಿತಳು. ಹಿಟ್ಟು ಕೊಡಿರಿ, ಅಡಿಗೆ ನಾವು ಮಾಡುತ್ತೇವೆ, ನಾವು ಬೇಡಲು ಬಂದವರಲ್ಲ ಎಂದು ಹೇಳಿಕಳಿಸಿದಳು. ಕೆಲ ವರ್ಷಗಳ ಮೇಲೆ ಬೋರ್ಡಿನಲ್ಲಿ ಗಂಜಿ ಹೋಗಿ "ಕಾಳಜಿ ಕೇಂದ್ರ" ಎಂದಾಯಿತು. ಹೆಸರು ಚಲೋ ಆಯಿತು, ಕೀಲಿ ಮಾತ್ರ ಹಳೆಯದೇ ಇದೆ ಎಂದಿದ್ದಳು.

ಮುದುಕಿಗೆ ಮೂರನೆಯ ದಿನ ಜ್ವರ ಬಂದಿತು, ಎದೆ ಕಟ್ಟಿತು. ಡಾಕ್ಟರು ಬಂದು ಸೂಜಿ ಹಾಕಿ ಹೋದರು. ಒಂಬತ್ತನೆಯ ದಿನ ನಾಲ್ಕನೆಯ ಇಯತ್ತೆಯ ಕರಿಹಲಗೆಯ ಕೆಳಗೆ ಮುದುಕಿ ಸತ್ತಳು. ಕೇಂದ್ರದ ದಿನದ ವರದಿ ಬರೆಯುವವನು ನಾನೇ. "ಪ್ರವಾಹದಿಂದ ಸಾವು" ಎಂಬ ಕಲಂ ಇತ್ತು. ಫೋನಿನಲ್ಲಿ ಕೇಳಿದೆ. ನೀರಿನಲ್ಲಿ ಮುಳುಗಿ ಸತ್ತರೆ ಮಾತ್ರ ಬರೆಯಬೇಕು, ವಯಸ್ಸಾಗಿ ಸತ್ತದ್ದು ಇದಕ್ಕೆ ಬರುವುದಿಲ್ಲ ಎಂದರು. "ಇಲ್ಲ" ಎಂದು ಬರೆದೆ. ಅಕ್ಷರ ದುಂಡಗೆ ಬಿದ್ದಿತ್ತು.

ನೀರು ಇಳಿದ ಮೇಲೆ ಮಾಸ್ತರರನ್ನೇ ಸರ್ವೆಗೆ ಹಚ್ಚಿದರು. ಫಾರ್ಮಿನ ಮೊದಲ ಪ್ರಶ್ನೆಯೇ, ಹೊಸ್ತಿಲಿನಿಂದ ಎಷ್ಟು ಎತ್ತರ ನೀರು ಬಂದಿತ್ತು ಎಂದು. ಆಕೆಯ ಮನೆಗೆ ಹೋದಾಗ ಕುಣಿಯ ದಂಡೆ ಕುಸಿದಿತ್ತು, ತಳದಲ್ಲಿ ಮೊಳಕಾಲುದ್ದ ರಾಡಿ. ಆಕೆ ಬುಟ್ಟಿಯಲ್ಲಿ ರಾಡಿ ಎತ್ತಿ ಹೊರಗೆ ಹಾಕುತ್ತಿದ್ದಳು. ನಾನು ಟೇಪು ಹಿಡಿದು ಹೊಸ್ತಿಲ ಬಳಿ ನಿಂತಿದ್ದೆ. ಆಕೆ ಬುಟ್ಟಿ ಕೆಳಗಿಟ್ಟು, "ಮಾಸ್ತರ, ಅಲ್ಲಿ ಏನ ಅಳೀತೀರಿ? ಇಲ್ಲಿ ಇಳೀರಿ," ಎಂದಳು.

ಪ್ಯಾಂಟು ಮಡಚಿಕೊಂಡು ಇಳಿದೆ. ಆ ತಂಪು ಇಂದಿಗೂ ನನ್ನ ಕಾಲಿಗೆ ನೆನಪಿದೆ. ಆ ತಂಪಿನಲ್ಲಿ ನಿಂತು ಸುಮ್ಮನಿರಲು ಆಗಲಿಲ್ಲ. ಫೋನಿನಲ್ಲಿ ನಡೆದದ್ದನ್ನೆಲ್ಲ ಹೇಳಿಬಿಟ್ಟೆ. ಗುಮಾಸ್ತ ಸ್ಮಶಾನ ಎಂದು ಬರೆದುಕೊಂಡದ್ದು, ನಕ್ಕದ್ದು, ನಾನು ಬಾಯಿ ಮುಚ್ಚಿಕೊಂಡದ್ದು, ಎಲ್ಲ. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈದಿದ್ದರೆ ಹಗುರವಾಗುತ್ತಿತ್ತು. ಮುಂದಿನ ಖೋಲಿಯಲ್ಲಿ ಮಗ ಬಿಚ್ಚಿಟ್ಟ ಪಾವರ್‌ಲೂಮಿನ ಭಾಗಗಳನ್ನು ಒರೆಸುತ್ತಿದ್ದ ಸಪ್ಪಳ ಕೇಳುತ್ತಿತ್ತು.

"ಯಾಕ ತಿದ್ದಲಿಲ್ರಿ?" ಎಂದಳು. "ಮಾಸ್ತರ ಇದ್ದೀರಿ. ತಿದ್ದೂದ ನಿಮ್ಮ ಕೆಲಸಲ್ಲೇನು?"

ಅಷ್ಟೇ. ಮೂವತ್ತು ವರ್ಷ ಕೆಂಪು ಪೆನ್ನು ಹಿಡಿದು ಹುಡುಗರ ಒತ್ತು, ದೀರ್ಘ ತಿದ್ದಿದವನು ನಾನು. ಆಕೆ ಮತ್ತೆ ಬುಟ್ಟಿ ಎತ್ತಿಕೊಂಡಳು. ಆಮೇಲೆ, ರೊಕ್ಕ ಕೊಡಿಸಿರಿ ಎಂದು ನಾನು ಕೇಳುವುದಿಲ್ಲ, ನಮ್ಮ ಅತ್ತೆ ನೀರಿನಿಂದ ಸತ್ತಳು ಎಂದು ಎಲ್ಲಿಯಾದರೂ ಒಂದು ಕಡೆ ಬರೆಯಿರಿ, ಅಷ್ಟು ಸಾಕು ಎಂದಳು. ನಾನು ತಲೆ ಆಡಿಸಿದೆ. ಆ ಫಾರ್ಮಿನಲ್ಲಿ ಅದನ್ನು ಬರೆಯುವ ಜಾಗವಿರಲಿಲ್ಲ. ಇಲ್ಲಿ ಇದೆ, ಬರೆಯುತ್ತಿದ್ದೇನೆ: ಆ ಮುದುಕಿ ಮಹಾಪೂರದಿಂದ ಸತ್ತಳು, ತೆಗೆಯದ ಕೀಲಿಯಿಂದ ಸತ್ತಳು.

ಅದರ ಮುಂದಿನ ಬೇಸಿಗೆಯಲ್ಲಿ ಜಮಖಂಡಿಯ ಒಂದು ಕಲ್ಯಾಣ ಮಂಟಪದಲ್ಲಿ ಮಳೆಗಾಲದ ತಯಾರಿಯ ಸಭೆ ನಡೆಯಿತು. ಹೊಳೆದಂಡೆಯ ಊರುಗಳಿಂದ ಶಾಲಾ ಸಮಿತಿಯವರನ್ನೂ ಕರೆಸಿದ್ದರು. ವೇದಿಕೆಯ ಮೇಲೆ ಎರಡು ಸಾಲು ಖುರ್ಚಿ, ಮುಂದಿನ ಸಾಲಿನ ನಡುವೆ ಆ ಧುರೀಣರು. ಭಾಷಣಗಳೆಲ್ಲ ಮುಗಿದ ಮೇಲೆ ಯಾರಾದರೂ ಏನಾದರೂ ಕೇಳುವುದಿದೆಯೇ ಎಂದರು, ಕೇಳಬಾರದು ಎಂಬ ದನಿಯಲ್ಲಿ. ಆಕೆ ಎದ್ದು ನಿಂತಳು. ಹೊಸ್ತಿಲಿನ ಮಾತನ್ನು ಯಾರು ಠರಾಯಿಸಿದರು ಎಂದು ಕೇಳಿದಳು. ಮೈಕಿನಲ್ಲಿದ್ದ ಅಧಿಕಾರಿ ಅದು ಮೇಲಿನ ನಿರ್ಣಯ ಎಂದರು. ಆಕೆಯ ದನಿ ಸಣ್ಣದು, ಹಿಂದಿನವರಿಗೆ ಕೇಳಲಿಲ್ಲ. ಸಭೆಯೇ ಗಪ್ಪಾಯಿತು, ಓಣಿಯಲ್ಲಿ ಮಗ್ಗ ನಿಲ್ಲಿಸುತ್ತಿದ್ದ ಹಾಗೆ.

"ನೀರೂ ಮ್ಯಾಲಿಂದ ಬರತೈತ್ರಿ, ಆದೇಶಾನೂ ಮ್ಯಾಲಿಂದ ಬರತೈತಿ. ನೀರು ಒಂದು ದಿನ ಮೊದಲ ಬರತೈತಿ. ಕುಣ್ಯಾಗ ಕಾಲು ಇಳಿಬಿಟ್ಟಾಕಿ ನಾನು, ನನ್ನ ಕೇಳ್ರಿ. ಚಿಕ್ಕಪಡಸಲಗ್ಯಾಗ ರೈತ್ರು ತಾವ ಕೂಡಿ ಹೊಳಿಗೆ ಒಡ್ಡು ಕಟ್ಟಿದ್ರಲ್ಲ, ಅವರು ಮ್ಯಾಲಿನ ದಾರಿ ಕಾಯಕೋಂತ ಕುಂತಿದ್ರೇನ್ರಿ?"

ಹಿಂದಿನ ಸಾಲಿನಲ್ಲಿದ್ದ ರೈತರು ಚಪ್ಪಾಳೆ ಹೊಡೆದರು. ಧುರೀಣರು ನಕ್ಕು, ಅಕ್ಕನವರ ಸಲಹೆಯನ್ನು ಪರಿಶೀಲಿಸೋಣ ಎಂದರು. ಬಸ್ಸಿನಲ್ಲಿ ತಿರುಗಿ ಬರುವಾಗ, ಪರಿಶೀಲಿಸುವುದೆಂದರೆ ಏನು ಎಂದು ಆಕೆ ನನ್ನನ್ನು ಕೇಳಿದಳು. ಮರೆಯುವುದು ಎಂದೆ. ನೀವು ಚಲೋ ಮಾಸ್ತರ, ಅರ್ಥ ಸರಿಯಾಗಿ ಹೇಳುತ್ತೀರಿ ಎಂದು ನಕ್ಕಳು. ಒಣ ಕಾಲಿನವರು ಠರಾಯಿಸುತ್ತಾರೆ, ಕಾಲು ತೋಯ್ದವರು ಸಹಿ ಮಾಡುತ್ತಾರೆ ಎಂದು ಆಕೆ ಹೇಳಿದ್ದು ಆ ಬಸ್ಸಿನಲ್ಲೇ.

ಎರಡನೆಯ ಮಹಾಪೂರ ಬಂದಾಗ ಓಣಿಯಲ್ಲಿ ಉಳಿದಿದ್ದದ್ದು ಆಕೆಯದೊಂದೇ ಕುಣಿ. ಉಳಿದವರು ರಾಡಿ ತೆಗೆಯುವ ಬದಲು ಮಣ್ಣು ಹಾಕಿ ಮುಚ್ಚಿಬಿಟ್ಟಿದ್ದರು. ಆಕೆ ಬೆಳಿಗ್ಗೆ ಹತ್ತಕ್ಕೆ ಬಂದಳು, ಹಿಂದೆ ಇಡೀ ಓಣಿ, ಗಂಟು ಮೂಟೆ, ಆಡು, ಕೋಳಿ. ನನ್ನ ಮೇಜಿನ ಮೇಲೆ ಅದೇ ಹೊಸ್ತಿಲಿನ ಕಾಗದ ಹೊಸ ತಾರೀಖು ಹಾಕಿಕೊಂಡು ಕುಳಿತಿತ್ತು. ಇನ್ನೂ ಒಂದು ಸೂಚನೆ ಫೋನಿನಲ್ಲಿ ಬಂದಿತ್ತು. ಮರುದಿನ ಧುರೀಣರು ಬರುತ್ತಾರೆ, ಕೇಂದ್ರವನ್ನು ಅವರ ಹಸ್ತದಿಂದಲೇ ಉದ್ಘಾಟಿಸಬೇಕು ಎಂದು. ಜನ ಮುಳುಗುವ ಮನೆ ಬಿಟ್ಟು ಬರುವ ಜಾಗಕ್ಕೂ ರಿಬ್ಬನ್ನು ಕತ್ತರಿಸುವ ಕಾಲ ಬಂದಿತ್ತು.

ಆಕೆ ಏನನ್ನೂ ಕೇಳಲಿಲ್ಲ. ಮೇಜಿನ ಮುಂದೆ ನಿಂತು ಕೈ ಚಾಚಿದಳು. ನಾನು ಡ್ರಾ ತೆಗೆದು ಕೀಲಿಕೈ ಮೇಜಿನ ಮೇಲಿಟ್ಟೆ, ಕಿಟಕಿಯ ಕಡೆ ತಿರುಗಿದೆ. ಕೈಗೆ ಕೊಡುವ ಧೈರ್ಯ ಆಗಲೂ ಬರಲಿಲ್ಲ. ಬೆನ್ನ ಹಿಂದೆ ಕೀಲಿಕೈ ಎತ್ತಿಕೊಂಡ ಸಪ್ಪಳ ಕೇಳಿತು, ಆಮೇಲೆ ಖೋಲಿಗಳ ಬಾಗಿಲು ಒಂದೊಂದಾಗಿ ತೆರೆದದ್ದು. ಮರುದಿನ ಓಣಿಗೆ ನೀರು ಬಂದಾಗ ಅಲ್ಲಿ ಒಂದು ಕೋಳಿಯೂ ಇರಲಿಲ್ಲ.

ಆ ದಿನವೇ ಧುರೀಣರು ಬಂದರು, ಜೊತೆಗೆ ಎರಡು ಬೋಟು, ನಾಲ್ಕು ಕ್ಯಾಮೆರಾ. ಜನ ಆಗಲೇ ಶಾಲೆಯಲ್ಲಿ ರೊಟ್ಟಿ ತಿನ್ನುತ್ತ ಕುಳಿತದ್ದು ನೋಡಿ ಅವರ ಸಂಗಡಿಗರ ಮುಖ ಬಾಡಿತು. ಬೋಟು ಬಂದಿದೆ, ಕಾಪಾಡಲು ಯಾರೂ ಇಲ್ಲ. ಅವರಲ್ಲೊಬ್ಬ ಹೆಂಗಸರ ಬಳಿ ಬಂದು, ಹತ್ತು ಮಂದಿ ಮಾತ್ರ ಓಣಿಯ ಬಾಯಿಯವರೆಗೆ ನಡೆದು ಹೋಗಿ ಬೋಟಿನಲ್ಲಿ ಕುಳಿತು ಬನ್ನಿ, ಸಾಹೇಬರು ಕೈಹಿಡಿದು ಇಳಿಸುತ್ತಾರೆ, ಐದು ಮಿನಿಟಿನ ಕೆಲಸ ಎಂದ. ಕೆಲವರು ಏಳತೊಡಗಿದ್ದರು. ಆಕೆ ರೊಟ್ಟಿಯ ಹಿಟ್ಟಿನ ಕೈಯಲ್ಲೇ ಎದ್ದು ನೇರವಾಗಿ ಧುರೀಣರ ಮುಂದೆ ಹೋದಳು.

"ನಾವು ತೋಯ್ದಿಲ್ಲಂತ ನಿಮಗ ಬ್ಯಾಸರ ಆಗೇತೇನ್ರಿ?"

ಹಾರ ಹಿಡಿದವನು ಹಾರವನ್ನು ಯಾರ ಕೊರಳಿಗೆ ಹಾಕಬೇಕೆಂದು ತಿಳಿಯದೆ ಶಾಲೆಯ ಗೇಟಿಗೆ ಹಾಕಿದ. ಸಂಜೆಯವರೆಗೆ ಅದು ಅಲ್ಲೇ ಇತ್ತು, ಆಡುಗಳು ತಿಂದವು.

ಎಂಟು ದಿನಕ್ಕೆ ನನಗೆ ನೋಟಿಸು ಬಂದಿತು, ಆದೇಶವಿಲ್ಲದೆ ಕೇಂದ್ರ ತೆರೆದದ್ದಕ್ಕೆ ಕಾರಣ ಕೇಳಿ. ಎರಡು ದಿನ ಯೋಚಿಸಿದೆ. ಪಿಂಚಣಿ, ಮಗಳ ಮದುವೆ, ಎಲ್ಲ ಕಣ್ಣ ಮುಂದೆ ಬಂದವು. ಕಡೆಗೆ, "ಸಾರ್ವಜನಿಕರು ಬಲವಂತವಾಗಿ ಕೀಲಿಕೈ ಪಡೆದುಕೊಂಡರು" ಎಂದು ಬರೆದು ಕಳಿಸಿದೆ. ವಿಚಾರಣೆಗೆ ಬಂದ ಅಧಿಕಾರಿ ಸಮಿತಿಯವರ ಮುಂದೆ ಅದನ್ನು ಓದಿದರು. ನನಗೆ ನೆಲ ಬಿರಿಯಬಾರದೇ ಎನಿಸಿತು. ಆಕೆ ಎದ್ದು, ಹೌದು, ನಾನೇ ಕಸಿದುಕೊಂಡೆ, ಮಾಸ್ತರರದು ಏನೂ ತಪ್ಪಿಲ್ಲ, ಬರೆದುಕೊಳ್ಳಿರಿ ಎಂದಳು. ಅಧಿಕಾರಿ ಆಕೆಗೆ ತಾಕೀತು ಮಾಡಿ, ಸಮಿತಿಯಿಂದ ಹೆಸರು ತೆಗೆಸಿ ಹೋದರು. ಗೇಟಿನವರೆಗೆ ಆಕೆಯೊಂದಿಗೆ ನಡೆದೆ. ಆಕೆಯೇ ನಕ್ಕಳು.

"ಸಾರ್ವಜನಿಕರು! ಒಬ್ಬಾಕಿಗೆ ಇಷ್ಟು ದೊಡ್ಡ ಬಹುವಚನ ಹಚ್ಚೀರಲ್ರಿ ಮಾಸ್ತರ. ಹೋಗ್ಲಿ ಬಿಡ್ರಿ, ಈ ಸಲ ಕೀಲಿಕೈ ಮೇಜಿನ ತನಕಾ ಬಂತು. ಮುಂದಿನ ಸಲ ಕೈತನಕಾ ಬರಲಿ."

ಮುಂದಿನ ಸಲಕ್ಕೆ ಆಕೆ ಇರಲಿಲ್ಲ. ಈ ವರ್ಷ ಕಾರಹುಣ್ಣಿಮೆಗೆ ಒಂದು ವಾರ ಇರುವಾಗ, ಮಗ್ಗದ ಮೇಲೆ ಕುಳಿತಲ್ಲೇ ಎದೆ ಹಿಡಿದುಕೊಂಡಳಂತೆ. ನಾನು ಮುಧೋಳದಿಂದ ಬರುವಷ್ಟರಲ್ಲಿ ಮಣ್ಣಿಗೆ ಹೊರಡಿಸಿದ್ದರು. ಆ ದಿನ ಓಣಿಯ ಪಾವರ್‌ಲೂಮ್‌ಗಳೆಲ್ಲ ನಿಂತಿದ್ದವು. ಅಷ್ಟು ವರ್ಷಗಳಲ್ಲಿ ಆ ಓಣಿ ಅಷ್ಟು ಗಪ್ಪಾಗಿದ್ದನ್ನು ನಾನು ನೋಡಿರಲಿಲ್ಲ. ಸ್ಮಶಾನದ ಕುಣಿಗೆ ನಾನೂ ಮೂರು ಹಿಡಿ ಮಣ್ಣು ಹಾಕಿದೆ. ಅಳು ಬಂದಿತೆಂದು ಹೇಳಲು ನಾಚಿಕೆಯಿಲ್ಲ.

ಹನ್ನೆರಡು ದಿನ ಕಳೆದ ಮೇಲೆ ಮಗ, ಹಿಂದಿನ ಖೋಲಿಯ ಕುಣಿಗೆ ಮುರುಮಿನ ಮಣ್ಣು ತುಂಬಿ ಇನ್ನೊಂದು ಪಾವರ್‌ಲೂಮ್ ಹಾಕುತ್ತೇನೆ ಎಂದು ಟ್ರ್ಯಾಕ್ಟರಿನವನಿಗೆ ಹೇಳಿ ಬಂದ. ಆತನದೇನೂ ತಪ್ಪಿಲ್ಲ, ಹೊಟ್ಟೆ ನಡೆಯಬೇಕಲ್ಲ. ನಾನು ಮಾತಾಡಿಸಲು ಹೋದ ದಿನವೇ ಟ್ರ್ಯಾಕ್ಟರು ಬಾಗಿಲಿಗೆ ಬಂದಿತ್ತು. ಆಕೆಯ ಸೊಸೆ ಹೊಸ್ತಿಲಲ್ಲಿ ನಿಂತಿದ್ದಳು. ಅತ್ತೆಯ ಮುಂದೆ ಎಂದೂ ಎದುರು ಮಾತಾಡದ ಹುಡುಗಿ ಅದು.

"ಇದನ್ನ ಯಾರು ಠರಾಯಿಸಿದ್ರು?" ಎಂದು ಗಂಡನನ್ನು ಕೇಳಿದಳು.

ಅದೇ ಸಣ್ಣ ದನಿ. ಮಗ ನನ್ನ ಮುಖ ನೋಡಿದ, ನಾನು ಟ್ರ್ಯಾಕ್ಟರಿನವನ ಮುಖ ನೋಡಿದೆ. ಒಂದು ಕುಣಿ ಮುಚ್ಚಿ ಬಂದಿದ್ದೇವೆ, ಇದೊಂದು ಇರಲಿ ಎಂದೆ. ಮುರುಮು ತಿರುಗಿ ಹೋಯಿತು. ಈಗ ಸೊಸೆ ದಿನಾಲು ಒಂದೆರಡು ತಾಸು ಆ ಮಗ್ಗದ ಮೇಲೆ ಕೂಡ್ರುತ್ತಾಳೆ. ಕೈ ಇನ್ನೂ ಪಳಗಿಲ್ಲ, ಕಾಲು ಪಳಗಿದೆ.

ಮೊನ್ನೆಯ ಮಾತು. ಎಂಟು ದಿನಗಳಿಂದ ಮಹಾರಾಷ್ಟ್ರದ ಕಡೆ ಮಳೆ ಎಂಬ ಸುದ್ದಿ ಇತ್ತು, ನಮ್ಮಲ್ಲಿ ಬಿಸಿಲೇ ಇತ್ತು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಸೊಸೆ ಹೇಳಿಕಳಿಸಿದಳು. ಹೋದೆ. ಮುಂದಿನ ಖೋಲಿಯ ಟಿ.ವಿ.ಯಲ್ಲಿ ಅದೇ ಧುರೀಣರು, ಕೂದಲು ಇನ್ನಷ್ಟು ಕಪ್ಪಾಗಿತ್ತು, ಎಲ್ಲವೂ ಹತೋಟಿಯಲ್ಲಿದೆ ಎನ್ನುತ್ತಿದ್ದರು. ನಾನು ಚಪ್ಪಲಿ ಬಿಟ್ಟು ಹಿಂದಿನ ಖೋಲಿಗೆ ಹೋಗಿ, ದಂಡೆಯ ಮೇಲೆ ಆಕೆ ಕೂಡ್ರುತ್ತಿದ್ದ ಜಾಗದಲ್ಲಿ ಕುಳಿತು ಕಾಲು ಇಳಿಬಿಟ್ಟೆ. ಹಿಮ್ಮಡಿಗೆ ನೀರು ಹತ್ತಿತು.

ಶಾಲೆಗೆ ಬಂದು ಹುಡುಗರನ್ನು ಮನೆಗೆ ಕಳಿಸಿದೆ. ಡ್ರಾದಿಂದ ಕೀಲಿಕೈ ತೆಗೆದು, ಅಕ್ಕಿ ಬೇಳೆ ಇಟ್ಟ ಖೋಲಿ, ದೊಡ್ಡ ಹಾಲ್, ಎಲ್ಲದರ ಕೀಲಿ ತೆಗೆದೆ. ನಾಲ್ಕನೆಯ ಇಯತ್ತೆಯ ಖೋಲಿಯನ್ನು ನಾನೇ ಕಸ ಹೊಡೆದು, ಹಾಸಿಗೆ ಹಿಡಿದವರಿಗೆಂದು ಜಮಖಾನೆ ಹಾಸಿದೆ. ಸಾಯಂಕಾಲ ನಾಲ್ಕಕ್ಕೆ ಓಣಿಯ ಜನ ಗಂಟು ಹೊತ್ತು ಬರತೊಡಗಿದರು. ಆಮೇಲೆ ಫೋನ್ ಎತ್ತಿಕೊಂಡು ಕಂಟ್ರೋಲ್ ರೂಮಿಗೆ ಹಚ್ಚಿದೆ. ಕೇಳುವುದಕ್ಕಲ್ಲ, ಹೇಳುವುದಕ್ಕೆ. ಎತ್ತಿಕೊಂಡವನು ಯಾರೋ ಹೊಸ ಹುಡುಗ. ರಬಕವಿಯಲ್ಲಿ ಕುಣಿಗೆ ನೀರು ಬಂದಿದೆ, ಕೇಂದ್ರ ತೆರೆದಿದ್ದೇನೆ ಎಂದೆ.

"ಸ್ಮಶಾನಕ್ಕ ನೀರು ಅಂತ ಬರಕೊಳ್ಲೇನ್ರಿ ಸರ?"

"ಅಲ್ಲ. ಮಗ್ಗದ ಕುಣಿ, ಮನಿಯೊಳಗಿನ ಕುಣಿ. ತಿದ್ದಿ ಬರಕೋರಿ."

ಆ ಕಡೆ ಗೀಟು ಹೊಡೆದ ಸಪ್ಪಳ, ಮತ್ತೆ ಬರೆದ ಸಪ್ಪಳ. ಅಕ್ಷರ ಅಕ್ಷರ ಬಿಡಿಸಿ ಹೇಳಿ ಬರೆಸಿದೆ. ಹುಡುಗ ಕಾಗದ ತಿರುವಿ ನೋಡಿರಬೇಕು, ದನಿ ಬದಲಾಯಿತು.

"ಆದೇಶ ಇನ್ನೂ ಆಗಿಲ್ಲಲ್ರಿ ಸರ. ಕೇಂದ್ರ ತಗ್ಯಾಕ ಯಾರು ಠರಾಯಿಸಿದ್ರು ಅಂತ ಬರೀಲಿ?"

ಗೇಟಿನಲ್ಲಿ ಸೊಸೆ ಎರಡೂ ಕಂಕುಳಲ್ಲಿ ನೂಲಿನ ಗಂಟು ಹಿಡಿದು ಬರುತ್ತಿದ್ದಳು.

"ನಾ ಠರಾಯಿಸೇನಿ," ಎಂದೆ. "ಏಕವಚನದಾಗ ಬರಕೋರಿ."